ಗೋಡೆಯೇ ಅರ್ಧ ನುಂಗಿದ ಅಡುಗೆಮನೆ

ಗೊಂಚಲಮ್ಮ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾಳೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದಕೈ ಗೊಂಚಲಿನಿಂದಲೇ ಅವಳಿಗೆ ಆ ಹೆಸರು. ಬಾಯಿ ಆ ಗೊಂಚಲಿಗಿಂತ ಜೋರು ಅನ್ನುವುದು ಬೇರೆ ಮಾತು. ರಕ್ಷಿತ ಕಟ್ಟಡವೆಂದು ಸರ್ಕಾರ ಹಲಗೆ ನೆಟ್ಟಿರುವ ಆ ಹಳೆಯ ಬೇಸಾಯದ ಮನೆಗೆ ಅವಳೇ ಕಾವಲು, ಕಸ ಗುಡಿಸುವವಳೂ ಅವಳೇ, ನೋಡಲು ಬಂದವರಿಗೆ ಕತೆ ಹೇಳುವವಳೂ ಅವಳೇ.

ಹೇಳುವುದಾದರೂ ಹೇಗೆ, ತಾನೇ ನಿಂತು ಕಟ್ಟಿಸಿದವಳ ಹಾಗೆ. "ತಲೆ ಬಗ್ಸಿ, ತಲೆ ಬಗ್ಸಿ. ಈ ಬಾಗಿಲು ದೊಡ್ಡೋರು ಚಿಕ್ಕೋರು ಅಂತ ನೋಡಲ್ಲ" ಎನ್ನುವಷ್ಟರಲ್ಲಿ ಯಾರೋ ಒಬ್ಬರು ಹಣೆ ಚಚ್ಚಿಕೊಂಡಿರುತ್ತಾರೆ. ಮೊದಲು ಇದ್ದದ್ದು ಎರಡೇ ಕೋಣೆ, ಕಲ್ಲು ಮಣ್ಣಿನ ಗೋಡೆ, ಮೇಲೆ ಸುಣ್ಣ. ಆಮೇಲೆ ಅದೇ ಸೂರಿನಡಿ ಕೊಟ್ಟಿಗೆ ಸೇರಿತು. ಮಲಗಿದಲ್ಲಿಂದಲೇ ದನ ಕಾಣಲೆಂದು ನಡುಗೋಡೆಯಲ್ಲಿ ಒಂದು ಕಿಂಡಿ ಬಿಟ್ಟರು. ಇನ್ನೊಂದು ತಲೆಮಾರಿಗೆ ಬೆಳೆ ಹೆಚ್ಚಿತು, ಕೋಣೆಗಳ ಮೇಲೆ ಕಾಳು ತುಂಬುವ ಅಟ್ಟ ಎದ್ದಿತು. ತೊಲೆಗಳ ಮೇಲಿನ ಕೊಡಲಿಯ ಕಚ್ಚು ಇವತ್ತಿಗೂ ಕೈಗೆ ಸಿಗುತ್ತದೆ.

ಇಷ್ಟನ್ನೆಲ್ಲ ಎದೆಯುಬ್ಬಿಸಿ ತೋರಿಸುವವಳು ಪಡುವಣ ಗೋಡೆಗೆ ಅಂಟಿಕೊಂಡ ಇಳಿಸೂರಿನ ಕೋಣೆ ಬಂತೆಂದರೆ ಹೆಜ್ಜೆ ಜೋರು ಮಾಡುತ್ತಿದ್ದಳು. "ಅದೇನಿಲ್ಲ, ನಮ್ಮ ಮೇಸ್ತ್ರಿ ಕಟ್ಟಿದ ಇಲಿ ಬಿಲ."

ಮೇಸ್ತ್ರಿ ಎಂದರೆ ಅವಳ ಗಂಡ, ಗಾರೆ ಕೆಲಸದವನು. ಮದುವೆಯಾದ ಹೊಸತರಲ್ಲಿ ಇಬ್ಬರೂ ಈ ಮನೆಗೆ ಚಾಕರಿಗೆ ಬಂದಾಗ ಮಲಗಲು ಸಿಕ್ಕಿದ್ದು ಕೊಟ್ಟಿಗೆಯ ಒಂದು ಮೂಲೆ. ಆಗ ಮೇಸ್ತ್ರಿ ಧಣಿಯ ಹತ್ತಿರ ಹೋಗಿ, ಪಡುವಣ ಗೋಡೆಗೆ ಒತ್ತಿದಂತೆ ಒಂದು ಅಡುಗೆಮನೆ ಕಟ್ಟಿಕೊಳ್ಳಲೇ ಎಂದು ಕೇಳಿದ. ಧಣಿ ಹೂಂ ಅಂದರು. ಆಗ ಬಸುರಿಯಾಗಿದ್ದ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಟ್ಟಿ ಮುಗಿದ ಮೇಲೆ ನೋಡುತ್ತಾಳೆ, ಗೋಡೆಗಳೇ ಅರ್ಧ ಜಾಗ ನುಂಗಿ ಕೂತಿವೆ. ಒಬ್ಬರು ಒಲೆಯ ಮುಂದೆ ಬಗ್ಗಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು.

"ಊರಿಗೆಲ್ಲ ಮನೆ ಕಟ್ಟಿದೋನು ಹೆಂಡ್ತಿಗೆ ಕಟ್ಟಿದ್ದು ಇಲಿ ಬಿಲ" ಎಂದು ಅವತ್ತು ಶುರುವಾದ ಮಾತು ಅವನು ತೀರಿಕೊಳ್ಳುವವರೆಗೂ ನಿಲ್ಲಲಿಲ್ಲ. ಮೇಸ್ತ್ರಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. "ಬೆಚ್ಚಗಿದೆ ತಾನೇ" ಎಂದು ನಗುತ್ತಿದ್ದ. ಸಿಟ್ಟಾದದ್ದು ಒಂದೇ ಸಲ. ಡಬ್ಬಿ ಇಡುವುದಕ್ಕೆ ಜಾಗ ಮಾಡೋಣವೆಂದು ಅವಳು ಅವನದೇ ಉಳಿ ಸುತ್ತಿಗೆ ತೆಗೆದುಕೊಂಡು ಆ ದಪ್ಪ ಗೋಡೆಯನ್ನು ಕೊರೆಯುತ್ತ ಕೂತಿದ್ದಳು. ಕೆಲಸದಿಂದ ಬಂದವನು ಬಾಗಿಲಲ್ಲೇ ಕೂಗಿಬಿಟ್ಟ, "ಆ ಗೋಡೆ ಮುಟ್ಬೇಡ ಅಂದೆ." ಇರುವೆಗೂ ಗದರದ ಮನುಷ್ಯ. ಅವಳು ಮುಖ ಊದಿಸಿಕೊಂಡು ಮಾತು ಬಿಟ್ಟಳು. ಮಾತು ಬಿಟ್ಟಿರಲು ಅವಳಿಂದಲೇ ಆಗಲಿಲ್ಲ, ಅದು ಬೇರೆ. ಕೊರೆದ ಗುಂಡಿಯ ಮುಂದೆ ಉಪ್ಪಿನ ಜಾಡಿ ಇಟ್ಟು ಮುಚ್ಚಿದಳು.

ಈಗ ಧಣಿಯೂ ಇಲ್ಲ, ಮೇಸ್ತ್ರಿಯೂ ಇಲ್ಲ. ಮನೆ ಸರ್ಕಾರದ್ದಾಗಿದೆ. ಗೊಂಚಲಮ್ಮ ಮಾತ್ರ ಇನ್ನೂ ಆ ಇಲಿ ಬಿಲದಲ್ಲೇ ಇದ್ದಾಳೆ. ಅದನ್ನು ರಿಪೇರಿ ಮಾಡಿಸಲು ಹಳೆ ಕಟ್ಟಡಗಳ ಇಂಜಿನಿಯರಮ್ಮ ಬಂದರು. ಈಚೆಗೆ ಸೇರಿಸಿದ್ದನ್ನೆಲ್ಲ, ಈ ಅಡುಗೆಮನೆಯನ್ನೂ, ಕೆಡವಿ ಮನೆಯನ್ನು ಮೊದಲಿನ ರೂಪಕ್ಕೆ ತರಬೇಕಂತೆ. "ನಿಮಗೆ ಗೇಟಿನ ಹತ್ರ ರೂಮು ಕೊಡ್ತೀವಿ ಅಜ್ಜಿ. ದೊಡ್ಡದು, ಗಾಳಿ ಬೆಳಕು ಎಲ್ಲ ಇರುತ್ತೆ" ಅಂದರು.

ಗೊಂಚಲಮ್ಮ ಜೀವಮಾನವೆಲ್ಲ ಕೇಳಿದ್ದು ಇದನ್ನೇ ಅಲ್ಲವೇ, ದೊಡ್ಡ ಕೋಣೆ? ಆದರೆ ಮೇಸ್ತ್ರಿ ಊರೆಲ್ಲ ಕಟ್ಟಿದ್ದು ಬೇರೆಯವರಿಗೆ. ತಮ್ಮದೆಂದು ಕಟ್ಟಿದ್ದು ಇದೊಂದೇ. ಇದೂ ಹೋದರೆ ಮನುಷ್ಯ ಇನ್ನೊಂದು ಸಲ ಸತ್ತ ಹಾಗೆ. ತಾನು ಬೈದರೆ ಅದು ಸಂಸಾರ, ಬೇರೆಯವರು ಕೈ ಹಚ್ಚಿದರೆ ಅವಳಿಗೆ ತಡೆಯಲಾಗದು.

"ಇದಕ್ಕೇನಾಗಿದೆ ಧಾಡಿ? ಬೆಚ್ಚಗಿದೆ" ಎಂದು ಬಾಗಿಲಿಗೆ ಅಡ್ಡ ನಿಂತಳು.

"ಕೆಡವೋಕಲ್ಲ ಅಜ್ಜಿ, ಅಳೆಯೋಕೆ ಬಂದೆ" ಎಂದು ಇಂಜಿನಿಯರಮ್ಮ ಪಕ್ಕದಿಂದ ನುಸುಳಿ ಒಳಗೆ ಹೋದರು. ಒಳಗೆ ಅಳೆದರು, ಹೊರಗೆ ಅಳೆದರು, ಹುಬ್ಬು ಗಂಟಿಕ್ಕಿದರು. "ಇಷ್ಟು ಚಿಕ್ಕ ಸೂರಿಗೆ ಇಷ್ಟು ದಪ್ಪ ಗೋಡೆ ಯಾಕೆ?"

"ಅವನ ತಲೇಲಿ ಮಣ್ಣಿತ್ತು, ಎಲ್ಲಾನೂ ಇಲ್ಲೇ ಸುರಿದ."

ಜಾಡಿ ಸರಿಸಿದಾಗ ಆ ಗುಂಡಿ ಕಾಣಿಸಿತು. ಇಂಜಿನಿಯರಮ್ಮ ಟಾರ್ಚು ಬಿಟ್ಟು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಅಟ್ಟ ಹತ್ತಿ ಪಡುವಣ ಗೋಡೆಯುದ್ದಕ್ಕೂ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟರು. ಕೆಳಗಿಳಿದು ಬಂದವರು ಮುದುಕಿಯನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು.

"ಅಟ್ಟ ಆಮೇಲೆ ಕಟ್ಟಿದ್ದು ಅಲ್ವಾ? ಕೆಳಗಿನ ಗೋಡೆ ಅಷ್ಟು ಭಾರಕ್ಕೆ ಅಂತ ಕಟ್ಟಿದ್ದಲ್ಲ. ಕಾಳಿನ ಭಾರಕ್ಕೆ ಹೊರಗಡೆ ಉಬ್ಬಿದೆ. ನಿಮ್ಮ ಯಜಮಾನ್ರು ಈ ಗೋಡೆಗಳನ್ನ ಅದಕ್ಕೆ ಒತ್ತು ಕೊಟ್ಟು ಕಟ್ಟಿದಾರೆ, ಉದ್ದುದ್ದ ಕಲ್ಲು ಒಳಗೆ ಹೆಣೆದು. ಇದು ಈ ಮನೆಯ ಊರುಗೋಲು ಅಜ್ಜಿ. ತೆಗೆದ್ರೆ ಮನೆ ಕೂತುಬಿಡುತ್ತೆ."

"ಹಂಗಾದ್ರೆ?"

"ಹಂಗಾದ್ರೆ ಇದು ಇರುತ್ತೆ. ನೀವೂ ಇಲ್ಲೇ ಇರ್ತೀರಿ."

ಗೊಂಚಲಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಅಂದರೆ ತನಗೆಂದು ಕಟ್ಟಿದ್ದಲ್ಲ, ಗೋಡೆಗೆಂದು ಕಟ್ಟಿದ್ದು. ಆಮೇಲೆ ಧಣಿಯ ಮಾತು ನೆನಪಾಯಿತು. ಅಡುಗೆಮನೆ ಕಟ್ಟಿದ ಆ ವರ್ಷವೆಲ್ಲ ಅವರು ಅನ್ನುತ್ತಿದ್ದುದು ಒಂದೇ: ಮನೆ ಎಲ್ಲಾದರೂ ವಾಲಲಿ, ಕೆಡವಿ, ಹೊಲ ಮಾರಿ, ಆಳುಗಳನ್ನೆಲ್ಲ ಕಳಿಸಿಬಿಡುತ್ತೇನೆ. ಗೋಡೆ ಉಬ್ಬಿದೆ ಎಂದು ಮೇಸ್ತ್ರಿ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಕೊಟ್ಟಿಗೆಯ ಮೂಲೆಯೂ ಉಳಿಯುತ್ತಿರಲಿಲ್ಲ, ಹೊಟ್ಟೆಯಲ್ಲಿ ಮಗು ಬೇರೆ. ಅದಕ್ಕೇ ಅಡುಗೆಮನೆ ಎಂದ. ಹೆಂಡತಿಗೂ ಯಾಕೆ ಹೇಳಲಿಲ್ಲ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನಕ್ಕೆ ಧಣಿಯ ಕಿವಿ ತಲುಪುತ್ತಿತ್ತು. ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

ಇಂಜಿನಿಯರಮ್ಮ ಹೋದ ಮೇಲೆ ಅವಳು ಆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಮಕ್ಕಳು ಹುಟ್ಟಿ ಬೆಳೆದದ್ದು, ಇವತ್ತಿನ ಸಂಬಳ, ತಲೆಯ ಮೇಲಿನ ಸೂರು, ಎಲ್ಲವೂ ಬಾಯಿ ಬಿಡದ ಆ ಮನುಷ್ಯ ಕೊಟ್ಟದ್ದು.

"ಒಂದು ಮಾತು ಹೇಳಿದ್ರೆ ನಾನು ಬೈತಿರ್ಲಿಲ್ಲ ಕಣಯ್ಯಾ" ಅಂದಳು. ಸುಳ್ಳೆಂದು ಅವಳಿಗೇ ಅನ್ನಿಸಿತು. "ಬೈತಿದ್ದೆ. ಆದ್ರೆ ಬೈದ್ಮೇಲೆ ಒಂದು ಸಲನಾದ್ರೂ ನಿನ್ನ ಕೈ ಹಿಡ್ಕೋತಿದ್ದೆ."