ಗೇಟಮ್ಮನ ಹ್ಯಾಂಡಲ್

ಸಮುದ್ರದ ಪಕ್ಕ ಊರು ಕಟ್ಟುವ ಮೊದಲು ಒಂದು ಸಲ ಸಮುದ್ರವನ್ನು ನೋಡಬೇಕು ಎನ್ನುವಷ್ಟು ಬುದ್ಧಿಯೂ ಇಲ್ಲದವರು ಕಟ್ಟಿದ ಬಡಾವಣೆ ಅದು. ಆರು ವರ್ಷದ ಹಿಂದೆ ನಲವತ್ತು ಮನೆ, ಈಗ ನಾಲ್ಕು ಸಾವಿರ. ಬೀದಿಗಳಿಗೆ ಹೆಸರಿಲ್ಲ, ನಂಬರು. ಮನೆಗಳಿಗೆಲ್ಲ ಒಂದೇ ಬಣ್ಣ, ಒಂದೇ ಬಾಗಿಲು. ಕುಡಿದು ಬಂದವನು ಪಕ್ಕದ ಮನೆಯ ಬಾಗಿಲು ಬಡಿದರೆ ತಪ್ಪು ಅವನದಲ್ಲ. 'ಸಮುದ್ರ ಕಾಣುವ ಬಾಲ್ಕನಿ' ಎಂದು ಬಣ್ಣದ ಕಾಗದ ಹಂಚಿದ್ದರು. ಎದುರು ಸಾಲು ಏಳುವ ತನಕ ಕಾಣುತ್ತಿದ್ದದ್ದೂ ನಿಜ. ಈಗ ಅಲ್ಲಿ ನಿಂತರೆ ಎದುರು ಮನೆಯವರ ಒದ್ದೆ ಲುಂಗಿ ಕಾಣುತ್ತದೆ. ಕಾಲುವೆಯ ದಂಡೆಯ ಪಾರ್ಕು ತಗ್ಗಾಗಿದೆಯೆಂದು ಕಳೆದ ವರ್ಷ ಲಾರಿಗಟ್ಟಲೆ ಮಣ್ಣು ಸುರಿದು ಆಳೆತ್ತರ ಏರಿಸಿದರು. ಅದರ ಮೇಲೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂದು ಬೋರ್ಡು ನೆಟ್ಟರು. ಹಾಗಾದರೆ ಪಾರ್ಕು ಯಾಕೆ ಬೇಕಿತ್ತು ಎಂದು ಕೇಳುವವರು ಯಾರೂ ಇರಲಿಲ್ಲ.

ಒಬ್ಬಳಿದ್ದಳು. ಅವಳನ್ನು ಎಲ್ಲರೂ ಗೇಟಮ್ಮ ಎನ್ನುತ್ತಿದ್ದರು. ಬಡಾವಣೆಯವರನ್ನೆಲ್ಲ ಅವಳು ಕಾಲ ಕಸಕ್ಕಿಂತ ಕಡೆಯಾಗಿ ಕಾಣುತ್ತಿದ್ದಳು, ಅದನ್ನು ಮುಚ್ಚಿಡುವ ಅಭ್ಯಾಸವೂ ಅವಳಿಗಿರಲಿಲ್ಲ.

ಅಲ್ಲೆಲ್ಲ ಮೊದಲು ಗದ್ದೆಯಿತ್ತು, ಸಮುದ್ರಕ್ಕಿಂತ ತಗ್ಗಿನ ಗದ್ದೆ. ಒಳಗಿನ ನೀರೆಲ್ಲ ಒಂದು ಕಾಲುವೆಗೆ ಇಳಿದು ಬರುತ್ತಿತ್ತು. ಕಾಲುವೆ ಸಮುದ್ರಕ್ಕೆ ಸೇರುವಲ್ಲಿ ಕಬ್ಬಿಣದ ಗೇಟು. ಸಮುದ್ರ ಇಳಿಯುವಾಗ ಗೇಟು ಎತ್ತಬೇಕು, ಒಳಗಿನ ನೀರು ಹೊರಗೆ ಹೋಗುತ್ತದೆ. ಉಬ್ಬರ ಏರುವಾಗ ಇಳಿಸಬೇಕು, ಇಲ್ಲದಿದ್ದರೆ ಸಮುದ್ರವೇ ಒಳಗೆ ಬರುತ್ತದೆ. ಅಷ್ಟೇ ಕೆಲಸ. ಗೇಟು ಕಾಯುವವನ ಹೆಂಡತಿಯಾಗಿ ಅವಳು ಆ ದಂಡೆಯ ಎರಡು ಕೋಣೆಯ ಮನೆಗೆ ಬಂದಳು. ಮಗಳಿಗೆ ಮೂರು ವರ್ಷವಾಗಿದ್ದಾಗ ಗಂಡ ಜ್ವರದಲ್ಲಿ ತೀರಿಕೊಂಡ. ಇನ್ನು ಗೇಟು ಯಾರಿಗೆ ಕೊಡೋಣ ಎಂದು ಗಂಡಸರು ಜಗಲಿಯಲ್ಲಿ ಕೂತು ಮಾತು ಬೆಳೆಸುತ್ತಿದ್ದಾಗ, ಇತ್ತ ಉಬ್ಬರ ಏರುತ್ತಿತ್ತು. ಅವಳು ಮೂಲೆಯಲ್ಲಿದ್ದ ಹ್ಯಾಂಡಲ್ ಎತ್ತಿಕೊಂಡು ಹೋಗಿ ಗೇಟು ಇಳಿಸಿ ಬಂದಳು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಇಪ್ಪತ್ತಾರು ವರ್ಷ ತಿರುಗಿಸಿದಳು. ಎತ್ತುವುದಕ್ಕೆ ನಲವತ್ತೆರಡು ಸುತ್ತು, ಇಳಿಸುವುದಕ್ಕೂ ಅಷ್ಟೇ. ಬಲಗೈ ಎಡಗೈಗಿಂತ ದಪ್ಪವಾಗಿಹೋಗಿತ್ತು. ಮಗಳು ದೊಡ್ಡವಳಾಗಿ ಹೊಲಿಗೆ ಕಲಿತ ಮೇಲೆ ತಾಯಿಯ ರವಿಕೆಯ ಬಲ ತೋಳನ್ನು ಅಳತೆ ಕೇಳದೇ ಅರ್ಧ ಇಂಚು ಸಡಿಲ ಇಡುತ್ತಿದ್ದಳು.

ಆ ಮಗಳೇ ಮದುವೆಯಾಗಿ ಬಡಾವಣೆಯಲ್ಲಿ ಮನೆ ಮಾಡಿದಾಗ ಗೇಟಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ಬೀದಿ, ಪಾರ್ಕಿನ ಹಿಂದೆ, ನೆಲಮಟ್ಟದ ಮನೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷೀನು. ಈಗ ಬಡಾವಣೆಯ ಹೊಸ ಶಾಲೆಯ ಇನ್ನೂರು ಸಮವಸ್ತ್ರ ಅವಳಿಗೇ ಸಿಕ್ಕಿತ್ತು. ನೀಲಿ ಬಟ್ಟೆ ಕತ್ತರಿಸಿ ತೋಳು ಬೇರೆ, ಕಾಲರು ಬೇರೆ, ಬೆನ್ನು ಬೇರೆ ಎಂದು ನೆಲದ ತುಂಬ ರಾಶಿ ಹಾಕಿದ್ದಳು. ಇದೊಂದು ಕೈ ಹಿಡಿದರೆ ಶಾಲೆಯ ಹೊಲಿಗೆ ವರ್ಷವರ್ಷವೂ ಅವಳದೇ. ಕೈಕೊಟ್ಟರೆ ಮಷೀನು ಮಾರಿ ಮತ್ತೆ ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹಾಕುತ್ತ ಕೂರಬೇಕು.

ಅಷ್ಟರಲ್ಲಿ ಒಬ್ಬ ಇಂಜಿನಿಯರ್ ಬಂದ. ಹೊಸ ಶೂ, ಹೊಸ ನೋಟ್‌ಬುಕ್ಕು. ಒಂದು ದಿನ, ಬರೀ ಒಂದೇ ಒಂದು ದಿನ, ಗೇಟಿನ ಹತ್ತಿರ ಕೊಡೆ ಹಿಡಿದು ಕೂತು ಸಮುದ್ರ ಏರಿಳಿಯುವುದನ್ನು ಬರೆದುಕೊಂಡ. ಅವತ್ತು ಬೆಳಿಗ್ಗೆ ಆರಕ್ಕೆ ಇಳಿಯಲು ಶುರುವಾಯಿತು, ಮಧ್ಯಾಹ್ನ ಹನ್ನೆರಡಕ್ಕೆ ಏರಲು ಶುರುವಾಯಿತು. ಅವನ ಮುಖ ಅರಳಿತು. ಆರರಿಂದ ಹನ್ನೆರಡು ತೆರೆಯುವುದು, ಹನ್ನೆರಡರಿಂದ ಆರು ಮುಚ್ಚುವುದು. ಎಷ್ಟು ಸಲೀಸು ನೋಡಿ, ಸಮುದ್ರವೂ ಆಫೀಸಿನ ಟೈಮಿಗೆ ಒಗ್ಗಿಕೊಂಡಿದೆ.

"ನಾಳೆ ಹೀಗಿರಲ್ಲ ಕಣಪ್ಪ," ಎಂದಳು ಗೇಟಮ್ಮ. "ದಿನಾ ಮುಕ್ಕಾಲು ಗಂಟೆ ಮುಂದಕ್ಕೆ ಹೋಗುತ್ತೆ. ಇನ್ನು ಏಳು ದಿನಕ್ಕೆ ಪೂರ್ತಿ ತಿರುಗಾ ಮುರುಗಾ. ಅವತ್ತು ಅಮಾವಾಸ್ಯೆ ಬೇರೆ, ಉಬ್ಬರ ಜೋರು."

"ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತಮ್ಮ. ಆವರೇಜ್ ತಗೊಂಡಿದ್ದೀವಿ," ಎಂದ ಅವನು.

ಒಂದು ದಿನ ನೋಡಿದ್ದಕ್ಕೆ ಅದೆಂಥ ಆವರೇಜೋ ಅವನಿಗೇ ಗೊತ್ತು. ಮರುದಿನವೇ ಮೋಟರು ಬಂತು, ಟೈಮರ್ ಬಂತು, ಪ್ಲಾಸ್ಟಿಕ್ ಹಾಕಿಸಿದ ವೇಳಾಪಟ್ಟಿ ಬಂತು. ಮೋಟರು ಕೂರಿಸಿದವರು, ಎತ್ತಿದ ಗೇಟು ಜಾರದ ಹಾಗೆ ತಡೆಯುತ್ತಿದ್ದ ಹಳೆಯ ಕೊಂಡಿಯನ್ನು ಕಿತ್ತು ಗುಜರಿಗೆ ಎಸೆದರು. ಬಡಾವಣೆಯ ಮ್ಯಾನೇಜರು, ಕಾಲರಿಗೆ ಕೂಡ ಇಸ್ತ್ರಿ ಮಾಡಿಸುವ ಮನುಷ್ಯ, ಗೇಟಮ್ಮನನ್ನು ಕರೆಸಿದ. "ಇನ್ಮೇಲೆ ನಿಮಗೆ ಆರಾಮ. ಪಾರ್ಕಲ್ಲಿ ಗಿಡಕ್ಕೆ ನೀರು ಹಾಕ್ಕೊಂಡಿರಿ. ಆ ಹ್ಯಾಂಡಲ್ ಸ್ಟೋರಿಗೆ ಕೊಟ್ಟುಬಿಡಿ."

"ನೀರು ಒಳಗೆ ಬರುತ್ತೆ ಸಾರ್."

"ಬಂದರೆ ನಿಮ್ಮನ್ನೇ ಕರೀತೀವಿ ಬಿಡಿ," ಎಂದು ಅವನು ನಕ್ಕ. ಪಕ್ಕದಲ್ಲಿದ್ದ ಗುಮಾಸ್ತರೂ ಹಲ್ಲು ಕಿರಿದರು.

ಆ ನಗು ಅವಳ ಮೈಗೆ ಹತ್ತಿಕೊಂಡಿತು. ಮನೆಯಲ್ಲಿ ಎರಡು ಹ್ಯಾಂಡಲ್ ಇದ್ದವು. ತುಕ್ಕು ಹಿಡಿದು ಹಲ್ಲು ಸವೆದದ್ದನ್ನು ಸ್ಟೋರಿಗೆ ಕೊಟ್ಟು ಸಹಿ ಹಾಕಿದಳು. ಗಂಡ ಕುಲುಮೆಯಲ್ಲಿ ನಿಂತು ಮಾಡಿಸಿದ್ದನ್ನು ಎಣ್ಣೆ ಒರೆಸಿ ಚೀಲದಲ್ಲಿಟ್ಟಳು.

ನೀರು ಬರುತ್ತದೆ ಎಂದು ಮಗಳಿಗೂ ಹೇಳಿದಳು. ಮಗಳು ಮಷೀನಿನಿಂದ ತಲೆಯೆತ್ತಲಿಲ್ಲ. "ಅಮ್ಮ, ನೀನು ಇಲ್ಲಿನ ಎಲ್ಲದಕ್ಕೂ ಮೂಗು ಮುರೀತೀಯ. ಬೀದಿ ಸರಿಯಿಲ್ಲ, ಬಣ್ಣ ಸರಿಯಿಲ್ಲ, ಪಾರ್ಕ್ ಸರಿಯಿಲ್ಲ. ಓದಿದವರಿಗಿಂತ ನಿನಗೇ ಜಾಸ್ತಿ ಗೊತ್ತಾ?"

ಅದು ಮುಖಕ್ಕೆ ಹೊಡೆದ ಹಾಗಾಯಿತು. ಎರಡನೇ ಸಲ ಹೇಳಲಿಲ್ಲ. ಆಗಲಿ, ಎಲ್ಲರೂ ಕಣ್ಣಾರೆ ನೋಡಲಿ ಎಂದುಕೊಂಡಳು. ನೀರು ಬಂದರೆ ಮೊದಲು ಪಾರ್ಕಿಗೇ ಬರುತ್ತದೆ. ಅಲ್ಲಿ ಹಳೆಯ ತಗ್ಗು ಗದ್ದೆಯಿತ್ತು, ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಬೇರೆ ಕಡೆ ಮೊದಲು ಹೋಗಿದ್ದಿಲ್ಲ. ಏಳನೇ ದಿನ ಅದೇ ಪಾರ್ಕಿನಲ್ಲಿ ನಾಲ್ಕು ಸಾವಿರನೇ ಮನೆಯ ಕೀಲಿ ಕೊಡುವ ಸಮಾರಂಭ. ಮ್ಯಾನೇಜರ್ ಭಾಷಣಕ್ಕೆ ನಿಂತಿರುವಾಗ ಹೊಳೆಯುವ ಶೂ ಒಳಗೆ ಉಪ್ಪುನೀರು ನುಗ್ಗುತ್ತದೆ. ಅವನು ಪ್ಯಾಂಟು ಎತ್ತಿಕೊಂಡು ಗೇಟಿಗೆ ಓಡಿ ಬರುತ್ತಾನೆ. ಗೇಟಮ್ಮ, ದಯವಿಟ್ಟು ಎನ್ನುತ್ತಾನೆ. ಆಗ ಚೀಲದಿಂದ ಹ್ಯಾಂಡಲ್ ತೆಗೆಯುವುದು. ಈ ಒಂದು ಗಳಿಗೆಗಾಗಿ ಅವಳು ಏಳು ದಿನ ಬಾಯಿಗೆ ಬೀಗ ಹಾಕಿಕೊಂಡು ಗಿಡಕ್ಕೆ ನೀರು ಹಾಕಿದಳು.

ನಡುವಿನ ದಿನಗಳಲ್ಲಿ ಉಬ್ಬರ ಸಣ್ಣದಿತ್ತು, ಒಳಗೆ ಬಂದ ನೀರು ಕಾಲುವೆ ದಾಟಲಿಲ್ಲ. ಏಳನೇ ದಿನ ಬೆಳಿಗ್ಗೆ ಆರಕ್ಕೆ ಸಮುದ್ರ ಪೂರ್ತಿ ಇಳಿದಿತ್ತು. ಟೈಮರ್ ತನ್ನ ಪಾಡಿಗೆ ಗೇಟು ಎತ್ತಿತು, ಸಮುದ್ರ ತನ್ನ ಪಾಡಿಗೆ ಏರತೊಡಗಿತು. ಗೇಟಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ದಂಡೆಯ ಕಲ್ಲಿನ ಮೇಲೆ ಕೂತಳು. ಒಂಬತ್ತಕ್ಕೆ ಕಾಲುವೆಯ ನೀರು ಹಿಂದಕ್ಕೆ ಹರಿಯಿತು. ಹತ್ತೂವರೆಗೆ ದಂಡೆ ಮುಟ್ಟಿತು. ಗೇಟಿನ ವಾಚ್‌ಮನ್ ಹೆದರಿ ಮ್ಯಾನೇಜರಿಗೆ ಫೋನ್ ಮಾಡಿದ.

"ವೇಳಾಪಟ್ಟಿ ಪ್ರಕಾರ ಗೇಟು ಓಪನ್ ಇದೆಯೋ ಇಲ್ವೋ?" ಎಂದು ಅತ್ತಲಿಂದ ದನಿ ಕೇಳಿತು.

"ಇದೆ ಸಾರ್."

"ಮತ್ತಿನ್ನೇನು?"

ಗೇಟಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬರ್ತಾನೆ ಬಿಡು. ಇನ್ನರ್ಧ ಗಂಟೆ. ಬಂದು ಕೇಳಲಿ."

ದೂರದ ಮೈಕಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ಹನ್ನೊಂದಾಯಿತು, ಮ್ಯಾನೇಜರ್ ಬರಲಿಲ್ಲ. ಭಾಷಣ ನಿಂತೂ ಇರಲಿಲ್ಲ. ಹನ್ನೆರಡಕ್ಕೆ ಸರಿಯಾಗಿ, ಸಮುದ್ರ ಒಳಗೆ ಬರುವಷ್ಟೂ ಬಂದ ಮೇಲೆ, ಮೋಟರು ಗುರುಗುಟ್ಟಿ ಗೇಟು ಮುಚ್ಚಿ ಆ ನೀರನ್ನೆಲ್ಲ ಭದ್ರವಾಗಿ ಒಳಗೇ ಕೂಡಿಹಾಕಿತು. ಇಂಥ ಬುದ್ಧಿವಂತಿಕೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಊಟಕ್ಕೆ ಮುಂಚೆ ಬಂದೇ ಬರ್ತಾನೆ ಎಂದುಕೊಂಡು ಅವಳು ಇನ್ನೂ ಕೂತಳು.

ಒಂದೂವರೆಗೆ ಬಂದವಳು ಮಗಳು. ತೊಡೆಯ ತನಕ ಒದ್ದೆ, ತಲೆಯ ಮೇಲೆ ನೀಲಿ ಬಟ್ಟೆಯ ಗಂಟು, ಅದರಿಂದಲೂ ನೀರು ಸುರಿಯುತ್ತಿತ್ತು.

"ಪಾರ್ಕಿಗೆ ನೀರು ಬಂತಾ?" ಎಂದು ಕೇಳಿದಳು ಗೇಟಮ್ಮ.

"ಪಾರ್ಕ್ ಅಷ್ಟು ಎತ್ತರ ಇದೆ, ಅಲ್ಲಿಗ್ಯಾಕೆ ಬರುತ್ತೆ? ಚರಂಡಿಯಿಂದ ನಮ್ಮ ಬೀದಿಗೆ ನುಗ್ಗಿದೆ. ಅವರೆಲ್ಲ ಊಟ ಮಾಡಿ ಕಾರು ಹತ್ತಿ ಹೋದ್ರು."

ಗೇಟಮ್ಮ ಪಾರ್ಕಿನ ದಿಕ್ಕಿಗೆ ತಿರುಗಿದಳು. ಲಾರಿಗಟ್ಟಲೆ ಮಣ್ಣು ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಬಾಯ್ತುಂಬ ಆಡಿಕೊಂಡಿದ್ದಳು. ಏಳು ದಿನ ಆ ಮಣ್ಣಿನ ಮೇಲೇ ನಿಂತು ನೀರು ಹಾಕಿದ್ದಳು. ಆದರೂ ಲೆಕ್ಕ ಹಾಕಿದ್ದು ಹಳೆಯ ಗದ್ದೆಯದು. ಇನ್ನು ಆ ಇಂಜಿನಿಯರನ್ನು ಯಾವ ಬಾಯಲ್ಲಿ ಬೈಯುವುದು?

ಮಗಳ ಕಣ್ಣು ಚೀಲದ ಮೇಲೆ ಬಿತ್ತು. ಕಬ್ಬಿಣದ ತುದಿ ಹೊರಗೆ ಕಾಣುತ್ತಿತ್ತು.

"ಅದು ಅಪ್ಪನ ಹ್ಯಾಂಡಲ್ ಅಲ್ವಾ?"

"ಹೌದು."

"ಬೆಳಿಗ್ಗೆಯಿಂದ ನಿನ್ನ ಹತ್ರಾನೇ ಇತ್ತಾ? ಮತ್ಯಾಕಮ್ಮ ಸುಮ್ನೆ ಕೂತಿದ್ದೆ?"

"ಆ ಮ್ಯಾನೇಜರ್ ಬಂದು ಕೇಳಲಿ ಅಂತ."

ಹೇಳಿದ ಮೇಲೆ ಆ ಮಾತು ಅವಳಿಗೇ ಹೇಸಿಗೆಯಾಯಿತು. ಎದ್ದು ಮೋಟರಿನ ಸ್ವಿಚ್ಚು ಆರಿಸಿ, ಹ್ಯಾಂಡಲ್ ಸಿಕ್ಕಿಸಿದಳು. ಇನ್ನೂ ಆರು ಗಂಟೆಯಾಗಿಲ್ಲ ಎಂದು ಏನೋ ಹೇಳಲು ಬಂದ ವಾಚ್‌ಮನ್ ಅವಳ ಮುಖ ನೋಡಿ ಆಫೀಸಿಗೆ ಓಡಿದ. ನಲವತ್ತೆರಡು ಸುತ್ತು ಮುಗಿಯುವ ಹೊತ್ತಿಗೆ ಒಳಗಿನ ನೀರು ಭೋರ್ಗರೆದು ಹೊರಟಿತು. ಅದರ ಜೊತೆ ಒಂದು ನೀಲಿ ತೋಳು ಬಂತು, ಇನ್ನೂ ಅಂಗಿಗೆ ಸೇರದ ತೋಳು. ಹಿಂದೆ ಇನ್ನೊಂದು, ಆಮೇಲೆ ಹತ್ತಾರು.

ಮಗಳು ಗಂಟು ಕೆಳಗಿಟ್ಟು ದಂಡೆಯಲ್ಲಿ ಬೋರಲು ಮಲಗಿ ಕೈ ಚಾಚಿದಳು, ಎಟುಕಲಿಲ್ಲ. "ಅಮ್ಮ, ನಿನ್ನ ಕಡೆ ಬರ್ತಿದೆ, ಹಿಡಿ," ಎಂದಳು. ಕೊಂಡಿ ಇಲ್ಲದ ಗೇಟು; ಹ್ಯಾಂಡಲ್ ಬಿಟ್ಟರೆ ಕೆಳಗೆ ಬೀಳುತ್ತದೆ, ನೀರು ಮತ್ತೆ ನಾಲ್ಕನೇ ಬೀದಿಯಲ್ಲೇ ನಿಲ್ಲುತ್ತದೆ. ಗೇಟಮ್ಮ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡು, ಕಾಲಡಿಯಲ್ಲೇ ತೋಳುಗಳು ಒಂದೊಂದಾಗಿ ಸಮುದ್ರಕ್ಕೆ ಹೋಗುವುದನ್ನು ನೋಡುತ್ತ ನಿಂತಳು.