ಐದು ತಿಂಗಳು ಅಂದುಬಿಟ್ಟೆ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಮೊದಲು ನನಗೆ ರಾಯಚೂರು–ದೇವದುರ್ಗ ರೂಟು. ಒಂದು ಬೇಸಿಗೆಯಲ್ಲಿ, ಹೇಳಿಕೊಳ್ಳುವಂಥ ಕಾರಣವೇ ಇಲ್ಲದೆ, ನನ್ನೊಳಗೆ ಏನೋ ಕುಸಿಯಿತು. ಗಂಡನಿಗೆ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ, ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದರು, ಮನೆಯಲ್ಲಿ ಜಗಳವಿರಲಿಲ್ಲ. ಆದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಹೊತ್ತಾದರೂ ನಾನು ಕಟ್ಟೆಯ ಮೇಲಿಂದ ಏಳಲಿಲ್ಲ. ಡ್ರೈವರಣ್ಣ ಕರೆದದ್ದು ಕೇಳಿಸಿತು. ಕಾಲು ಮಾತ್ರ ಬರಲಿಲ್ಲ.

ಗಂಡನೇ ರಾಯಚೂರಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಗುಳಿಗೆ ಬರೆದು, "ಹಸಿವು ಸ್ವಲ್ಪ ಜಾಸ್ತಿ ಆಗಬಹುದು" ಎಂದರು. ಎರಡು ತಿಂಗಳಿಂದ ಊಟ ಸೇರದವಳಿಗೆ ಅದು ಒಳ್ಳೆಯ ಸುದ್ದಿಯಂತೆ ಕೇಳಿಸಿತು.

ಗುಳಿಗೆ ಕೆಲಸ ಮಾಡಿತು, ಇಲ್ಲವೆನ್ನಲಾರೆ. ಮಗಳ ಜಡೆ ಹೆಣೆಯುತ್ತ ಒಂದು ಬೆಳಿಗ್ಗೆ ನಾನೇ ಗುನುಗುತ್ತಿದ್ದೆ. ಹಸಿವೂ ಬಂತು. ಎರಡು ರೊಟ್ಟಿ ತಿನ್ನುತ್ತಿದ್ದವಳು ಐದು ತಿಂದು, ಕೈ ತೊಳೆದ ಮೇಲೂ ಬುಟ್ಟಿಯ ಕಡೆ ನೋಡುತ್ತಿದ್ದೆ. "ಮೈ ತುಂಬ್ಯದ, ಈಗ ಚಂದ ಕಾಣ್ತಿ" ಎಂದ ಗಂಡ, ಮೊದಮೊದಲು. ಹದಿನಾಲ್ಕು ಕಿಲೋ ಏರಿದ ಮೇಲೆ ಏನೂ ಅನ್ನುವುದನ್ನೇ ಬಿಟ್ಟ. ಖಾಕಿ ಅಂಗಿಯ ಹೊಲಿಗೆಯನ್ನು ದರ್ಜಿ ಚಾಚಾ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟರು. "ಒಳಗಿನ ಬಟ್ಟಿ ಮುಗೀತು ಬೇಟಿ, ಇನ್ನ ಹೊಸಾದೇ ಹೊಲೀಬೇಕು" ಎಂದರು, ತಲೆಯೆತ್ತಿ ನೋಡದೆ.

ಅಷ್ಟರಲ್ಲಿ ನನ್ನನ್ನು ಮಾನ್ವಿ ರೂಟಿಗೆ ಹಾಕಿದ್ದರು. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಂಗಳವಾರವಂತೂ ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗುವವರು ಬೇರೆ. ಅಂಥದೊಂದು ಮಂಗಳವಾರ ಸೀಟುಗಳ ನಡುವೆ ನುಸುಳುವಾಗ ಹೊಟ್ಟೆ ಕಂಬಿಗೆ ಒತ್ತಿ ನಿಂತುಬಿಟ್ಟೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಎದ್ದು ನಿಂತಳು.

"ಕುಂದ್ರು ಯವ್ವಾ. ಇಂಥಾದ್ರಾಗ ಡ್ಯೂಟಿ ಹಾಕ್ಯಾರಲ್ಲ ನಿನಗ! ಎಷ್ಟು ತಿಂಗಳಾಗ್ಯಾವ?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಎರಡನೇ ಹೆರಿಗೆಗೇ, ಇನ್ನು ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡವಳು ನಾನು. ಬಸುರಿಯಲ್ಲ ಎಂದರೆ ಮತ್ತೆ ಈ ಹೊಟ್ಟೆ ಯಾಕೆ ಎನ್ನುತ್ತಾರೆ. ಗುಳಿಗೆಯಿಂದ ಎಂದರೆ ಯಾತರ ಗುಳಿಗೆ ಎನ್ನುತ್ತಾರೆ.

"ಐದು" ಅಂದುಬಿಟ್ಟೆ.

ಮುದುಕಿ ರಾಯಚೂರಿನಲ್ಲಿ ಹೂ ಕೊಂಡು ಗುಡಿಯ ಮುಂದೆ ಮಾರುವವಳು. ಪ್ರತಿ ಮಂಗಳವಾರ ನನ್ನ ಬಸ್ಸಿಗೇ ಬರತೊಡಗಿದಳು. ಒಮ್ಮೆ ಹುಣಸೆ ಚಿಗುರಿನ ಚಟ್ನಿ ತಂದಳು, ಒಮ್ಮೆ ಸಜ್ಜೆ ರೊಟ್ಟಿ, ಒಮ್ಮೆ ಸೆರಗಿನಲ್ಲಿ ಕಟ್ಟಿಕೊಂಡು ಕರ್ಚಿಕಾಯಿ. "ಬಯಕಿ ಮುಚ್ಚಿಡಬಾರ್ದು, ತಿನ್ನು" ಎನ್ನುತ್ತಿದ್ದಳು. ನಾಚಿಕೆಯ ಮಾತೆಂದರೆ, ನಾನು ಎಲ್ಲವನ್ನೂ ತಿಂದೆ. ದಿನವೂ ಬರುವವರು ಸರಿದು ದಾರಿ ಬಿಡುತ್ತಿದ್ದರು. ನನ್ನ ಮೈಯನ್ನು ಯಾರೂ ಕೆಟ್ಟದಾಗಿ ನೋಡದ ಜಾಗ ಅದೊಂದೇ ಆಗಿತ್ತು. ಅದು ನನಗೆ ಹಿತವಾಗತೊಡಗಿತ್ತು.

ಆದರೆ ಮುದುಕಿ ತಿಂಗಳು ಎಣಿಸುತ್ತಿದ್ದಳು. ಏಳು ಅಂದಳು, ಏಳೂವರೆ ಅಂದಳು. ನನಗೆ ದಿಗಿಲಾಯಿತು. ತೂಕ ಇಳಿದರೆ ಎಲ್ಲ ಸರಿಹೋದೀತು ಎಂದುಕೊಂಡು, ಗಂಡನಿಗೂ ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟೆ. ಮೂರನೇ ದಿನಕ್ಕೆ ತಲೆಯೊಳಗೆ ಕರೆಂಟು ಹೊಡೆದಂತೆ ಆಗತೊಡಗಿತು. ತಿರುಗಿದರೆ ನೆಲ ವಾಲುತ್ತಿತ್ತು. ಮಕ್ಕಳು ಮಾತಾಡಿಸಿದರೆ ಕೂಗಾಡುತ್ತಿದ್ದೆ.

ಆ ಮಂಗಳವಾರ ನೀರಮಾನ್ವಿಯಲ್ಲಿ ಜನ ಇಳಿಯುತ್ತಿದ್ದರು. ನನಗೆ ಕಣ್ಣು ಕತ್ತಲಿಟ್ಟಿತು. ಎಲ್ಲರೂ ಇಳಿದರೆಂದುಕೊಂಡು ಬೆಲ್ಲು ಎಳೆದೆ. ಮುದುಕಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಬಸ್ಸು ಜಗ್ಗಿತು, ಜನ ಕೂಗಿದರು, ಡ್ರೈವರ್ ಬ್ರೇಕ್ ಒತ್ತಿದ. ನಾನು ಕೆಳಗೆ ಜಿಗಿದೆ. ಮುದುಕಿ ಮಣ್ಣಲ್ಲಿ ಬಿದ್ದಿದ್ದಳು. ಮೊಣಕಾಲು ತರಚಿ ರಕ್ತ, ಸುತ್ತ ಸೇವಂತಿಗೆ.

"ಹಂಗ್ಯಾಕ ಜಿಗದಿ! ಬಸುರಿ ಹೆಂಗಸು ನೀನು!" ಎಂದು ಬೈದಳು. ತನ್ನ ಮೊಣಕಾಲನ್ನು ನೋಡಿಕೊಳ್ಳಲೂ ಇಲ್ಲ.

ಇನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ಮಣ್ಣಲ್ಲಿ ಕೂತು ಅತ್ತೆ. "ನಾ ಬಸುರಿ ಅಲ್ಲ ಯವ್ವಾ. ಮನಸ್ಸಿಗೆ ಆರಾಮ ಇಲ್ಲಂತ ಗುಳಿಗಿ ನುಂಗಾಕತ್ತಿದ್ದೆ. ಅದಕ್ಕ ಮೈ ಬಂದದ."

ನನ್ನ ತೋಳು ಹಿಡಿದಿದ್ದ ಕೈಯನ್ನು ಅವಳು ಬಿಟ್ಟಳು.

"ನಿನ್ನ ಹೆರಿಗಿ ಹಗುರಾಗ್ಲಿ ಅಂತ ಎಲ್ಲಮ್ಮಗ ಹರಕಿ ಹೊತ್ತೀನಿ ನಾನು" ಎಂದಳು. "ಆಕಿಗೆ ಈಗ ಏನಂತ ಹೇಳ್ಲಿ?"

ನಾನು ಹೂ ಆರಿಸಿಕೊಡಲು ಹೋದರೆ ಬುಟ್ಟಿಯನ್ನು ಆಚೆ ಎಳೆದುಕೊಂಡಳು. ಕುಂಟುತ್ತ ಗುಡಿಯ ದಾರಿ ಹಿಡಿದಳು. ಮುಂದಿನ ಮಂಗಳವಾರದಿಂದ ಅವಳು ನನ್ನ ಬಸ್ಸು ಹತ್ತಲಿಲ್ಲ.

ಮುದುಕಿ ಬಿದ್ದ ದಿನವೇ ಸಂಜೆ ಗಂಡನಿಗೆ ಎಲ್ಲ ಹೇಳಿ ಡಾಕ್ಟರಮ್ಮನ ಹತ್ತಿರ ಹೋದೆ. "ಹೇಳದೆ ಕೇಳದೆ ನಿಲ್ಲಿಸಬಾರದಿತ್ತು" ಎಂದರು. ನನ್ನ ಹಳೆಯ ಚೀಟಿ ತಿರುವಿ ನೋಡಿ, "ತೂಕದ ಬಗ್ಗೆ ನಾನೂ ಕೇಳಬೇಕಿತ್ತು" ಎಂದರು. ಬೇರೆ ಗುಳಿಗೆ ಬರೆದುಕೊಟ್ಟರು. ಈಗ ವರ್ಷವಾಯಿತು. ಐದು ಕಿಲೋ ಇಳಿದಿದ್ದೇನೆ, ಉಳಿದದ್ದು ಹಾಗೇ ಇದೆ. ಎಂದಾದರೂ ಇಳಿಯುತ್ತದೋ ಇಲ್ಲವೋ ತಿಳಿಯದು.

ನಾನು ಅತ್ತು ಹೇಳಿದ್ದನ್ನು ಅವತ್ತು ಇಡೀ ಬಸ್ಸು ಕೇಳಿತ್ತು. ಕೆಲವರು ಈಗಲೂ ನನ್ನ ಮುಖ ನೋಡದೆ ಆಧಾರ್ ಕಾರ್ಡ್ ಚಾಚುತ್ತಾರೆ. ಆದರೆ ತಿಂಗಳ ಹಿಂದೆ, ಮಾನ್ವಿಯಲ್ಲಿ ಎಲ್ಲರೂ ಇಳಿದ ಮೇಲೆ, ಕೂಸನ್ನೆತ್ತಿಕೊಂಡ ಹುಡುಗಿಯೊಬ್ಬಳು ಸೀಟಿನಲ್ಲೇ ಉಳಿದಳು.

"ಅಕ್ಕಾ, ಆ ಗುಳಿಗಿ ಕೊಡೋ ಡಾಕ್ಟರು ಎಲ್ಲಿರ್ತಾರ?"

ಹೇಳಿದೆ.

"ನಾನೂ ದಪ್ಪ ಆಗ್ತೀನೇನು?"

"ಆಗಬಹುದು. ಆಗದೇನೂ ಇರಬಹುದು. ಮೊದಲೇ ಕೇಳು. ಆದ್ರ ಹೋಗು."

ಅವಳು ಕೂಸಿನ ಕುಲಾವಿ ಸರಿಮಾಡಿ ಕೆಳಗಿಳಿದಳು. ಹೋದಳೋ ಇಲ್ಲವೋ ನನಗೆ ಗೊತ್ತಾಗಿಲ್ಲ.