ಬಿಳಿ ದಾರ ಕಟ್ಟಿದ ಚೀಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಾರಿಂಡಿಯ ಗೋಧಿ ಕಣಜಗಳ ನೆತ್ತಿಗೆ ಮಾತ್ರ ಒಂದಿಷ್ಟು ಕೆಂಪು ತಾಗಿದೆ. ಆಲ್ಬನ್ ಸಹಾಯ ಸಂಘದ ಹಳೆಬಟ್ಟೆ ಅಂಗಡಿಯ ಹೊಸ್ತಿಲಲ್ಲಿ ಯಾರ್ಯಾರೋ ಇಟ್ಟುಹೋದ ಚೀಲಗಳು ಜುಲೈ ಚಳಿಗಾಲದ ಇಬ್ಬನಿಗೆ ನೆನೆದು ಕೂತಿವೆ. ಅರವತ್ತೆಂಟರ ಗ್ಲೆನಿಸ್ ನಾಸ್ಕಿ ಒಂದೊಂದರ ಬಾಯಿ ಬಿಚ್ಚಿ ಮೊದಲು ಮೂಸಿ ನೋಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ. ನಾಯಿ ಮಲಗಿದ ಕಂಬಳಿ ಚಿಂದಿಯ ರಾಶಿಗೆ, ಮಕ್ಕಳ ಸ್ವೆಟರು ಅಂಗಡಿಗೆ. ಮೂರು ಕಾಲಿನ ಮರದ ಕುದುರೆಯೊಂದು ಕೈಗೆ ಸಿಕ್ಕಾಗ, "ಕುದುರೆ ದಾನ ಮಾಡಿದ ಪುಣ್ಯಾತ್ಮ ಇನ್ನೊಂದು ಕಾಲನ್ನ ಯಾಕೆ ಮನೇಲಿಟ್ಕೊಂಡ್ನೋ!" ಎಂದು ಗೊಣಗುತ್ತಾರೆ.

ಮುಂದಿನ ಚೀಲ ಬಿಚ್ಚುತ್ತಾರೆ. ಒಳಗೆ ಗಂಡಸರ ಅಂಗಿಗಳು. ಇಸ್ತ್ರಿ ಮಾಡಿ, ಗುಂಡಿ ಹಾಕಿ, ಒಂದರ ಮೇಲೊಂದು ಜೋಡಿಸಿದ್ದಾರೆ.

"ಬದುಕಿರೋ ಗಂಡನ ಬಟ್ಟೇನ ಯಾವ ಹೆಂಗಸೂ ಹೀಗೆ ಮಡಚಿ ಕೊಡಲ್ಲ. ಅವನ ಕಣ್ಣಿಗೆ ಬೀಳೋಕೆ ಮುಂಚೆ ಮುದ್ದೆ ಮಾಡಿ ತುರುಕಿರ್ತಾಳೆ," ಎನ್ನುತ್ತಾರೆ. ಚೀಲದ ಬಾಯಿಗೆ ಬಿಳಿ ದಾರ ಸುತ್ತಿ, ಅಂಗಡಿಯೊಳಕ್ಕೆ ಒಯ್ಯದೆ ನೇರ ವ್ಯಾನಿಗೆ ಹಾಕುತ್ತಾರೆ.

ಬಿಳಿ ದಾರದ ಚೀಲ ಬಂದ ಊರಿನಲ್ಲಿ ಬಿಕರಿಯಾಗುವುದಿಲ್ಲ. ವಾರಿಂಡಿಯದು ಪೈನ್‌ವೆಲ್‌ಗೆ, ಪೈನ್‌ವೆಲ್‌ನದು ಕೂಲ್ಗಾಟಿಗೆ, ಹೀಗೆ ಊರು ದಾಟಿಸಿಯೇ ಕಟ್ಟು ಬಿಚ್ಚುವುದು. ದಕ್ಷಿಣ ಆಸ್ಟ್ರೇಲಿಯಾದ ಈ ಮ್ಯಾಲಿ ಸೀಮೆಯಲ್ಲಿ ಒಂದೇ ರಸ್ತೆಗೆ ಪೋಣಿಸಿದ ಐದು ಊರು, ಊರಿಗೊಂದರಂತೆ ಸಂಘದ ಐದು ಅಂಗಡಿ. ಹತ್ತೊಂಬತ್ತು ವರ್ಷದಿಂದ ಮಂಗಳವಾರ, ಶುಕ್ರವಾರ ಆ ರಸ್ತೆಯಲ್ಲಿ ವ್ಯಾನು ಓಡಿಸುತ್ತಿರುವವರು ಗ್ಲೆನಿಸ್. ಸಂಬಳವಿಲ್ಲ. ಡೀಸೆಲ್ ಸಂಘದ್ದು, ಮಧ್ಯಾಹ್ನದ ಸ್ಯಾಂಡ್‌ವಿಚ್ ಮನೆಯದು. ದಿನಕ್ಕೆ ಮೂವತ್ತು ನಲವತ್ತು ಚೀಲ ಎತ್ತಿ ಇಳಿಸಿ ಬಲಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಲು ಎಡಗೈ ಕಲಿತುಕೊಂಡಿದ್ದಾರೆ.

ಇವತ್ತು ಕೊನೆಯ ಶುಕ್ರವಾರ. ಸಂಜೆಯ ಹೊತ್ತಿಗೆ ಐದರಲ್ಲಿ ನಾಲ್ಕು ಅಂಗಡಿಗೆ ಬೀಗ ಬೀಳುತ್ತದೆ, ವಾರಿಂಡಿಯದೊಂದು ಉಳಿಯುತ್ತದೆ. ವ್ಯಾನು ಅಡಿಲೇಡಿನ ಸಂಘದ ಕಚೇರಿಗೆ ವಾಪಸು. ಡ್ರೈವರ್ ಸೀಟಿನ ಹಿಂದೆ ಇನ್ನೊಂದು ಬಿಳಿ ದಾರದ ಚೀಲವಿದೆ. ಆರು ತಿಂಗಳಿಂದ ಅದು ಐದೂ ಊರು ಸುತ್ತುತ್ತಿದೆ, ಎಲ್ಲೂ ಇಳಿದಿಲ್ಲ. ಅದರಲ್ಲಿರುವುದು ಗ್ಲೆನಿಸ್ ಅವರ ಗಂಡ ಕೆಲ್ವಿನ್ ಬಟ್ಟೆ.

ದಾರ ಕಟ್ಟುವ ಪದ್ಧತಿ ಕಚೇರಿಯವರು ಹೇಳಿಕೊಟ್ಟದ್ದಲ್ಲ. ಸೇರಿದ ಮೊದಲ ಚಳಿಗಾಲದಲ್ಲಿ ಗ್ಲೆನಿಸ್ ಒಂದು ಕಂದು ಕೋಟನ್ನು ವಾರಿಂಡಿ ಅಂಗಡಿಯ ಗಾಜಿನ ಎದುರಿಗೇ ತೂಗುಹಾಕಿದ್ದರು. ಒಳ್ಳೆಯ ಕೋಟು, ಮಧ್ಯಾಹ್ನದೊಳಗೆ ಹೋಯಿತು. ಅದನ್ನು ಕೊಟ್ಟಿದ್ದ ಲೋರ್ನಾ ಕ್ಲೈನಿಗ್ ಮರುದಿನ ಬೇಕರಿಯ ಸಾಲಿನಲ್ಲಿ ಮುಂದೆ ನಿಂತವನ ಬೆನ್ನು ನೋಡಿದರು. ಗಂಡ ಲೆಸ್ ತೀರಿಕೊಂಡು ಆಗಿನ್ನೂ ತಿಂಗಳು. "ಲೆಸ್!" ಎಂದು ಕೂಗಿ ತೋಳು ಹಿಡಿದರು. ತಿರುಗಿದ ಮುಖ ರೈಲು ಹಳಿ ರಿಪೇರಿಗೆ ಬಂದ ಯಾರೋ ಕೆಲಸಗಾರನದು.

"ಆ ಮನುಷ್ಯನೂ ಅತ್ತುಬಿಟ್ಟ ಪಾಪ. ಕೋಟು ಬಿಚ್ಚಿ ಕೈಲಿ ಹಿಡ್ಕೊಂಡು ಚಳೀಲಿ ನಿಂತಿದ್ದ. ಲೋರ್ನಾ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು," ಎನ್ನುತ್ತಾರೆ ಗ್ಲೆನಿಸ್. ದಾರದ ಉಂಡೆ ಕೊಂಡದ್ದು ಅವತ್ತೇ ಸಂಜೆ.

ಮೇ ತಿಂಗಳಲ್ಲಿ ಅಡಿಲೇಡ್ ಕಚೇರಿಯಿಂದ ಟೋಬಿ ಎಂಬ ಅಧಿಕಾರಿ ಬಂದು, ದೇಶದ ನಕ್ಷೆಯನ್ನು ಅಂಗಡಿಯ ಗೋಡೆಗೆ ಅಂಟಿಸಿ ತೋರಿಸಿದ. ಸಂಘದ ಅಂಗಡಿಗೊಂದು ಕೆಂಪು ಚುಕ್ಕಿ. ಸಮುದ್ರದ ಅಂಚಿನುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು, ಒಳನಾಡು ಹೆಚ್ಚುಕಡಿಮೆ ಖಾಲಿ ಹಾಳೆ. ಆ ಖಾಲಿಯ ಅಂಚಿನಲ್ಲಿ ಮ್ಯಾಲಿಯ ಐದು ಚುಕ್ಕಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಇಷ್ಟು ಹತ್ತಿರ ಹತ್ತಿರ ಐದು ಬೇಕಾ, ಗ್ಲೆನಿಸ್?" ಎಂದು ಕೇಳಿದ.

"ಹತ್ತಿರಾನಾ? ಒಂದ್ಸಲ ನಡ್ಕೊಂಡು ಹೋಗ್ಬಾಪ್ಪ. ಶೂ ಸವೆದ್ರೆ ನಮ್ಮಂಗಡೀಲೇ ಒಂದು ಜೊತೆ ಕೊಡ್ತೀನಿ," ಎಂದರಂತೆ ಇವರು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಆದರೂ ಟೋಬಿಯನ್ನು ಅವರು ದೂರುವುದಿಲ್ಲ. "ಕರಾವಳೀಲಿ ಬಾಡಿಗೆ ಕಟ್ಟೋಕಾಗದೆ ಮಕ್ಕಳನ್ನ ಕಾರಲ್ಲಿ ಮಲಗಿಸ್ತಾರಂತೆ. ಅಲ್ಲಿಗೆ ದುಡ್ಡು ಹೋಗ್ಲಿ ಅಂದ್ರೆ ನಾನು ಹೇಗೆ ಬೇಡ ಅನ್ಲಿ?" ಇನ್ನು ವಾರಿಂಡಿಗೆ ಬಂದದ್ದು ವಾರಿಂಡಿಯಲ್ಲೇ ಮಾರಾಟ, ಹೊರಗೆ ಕಳಿಸಿದರೆ ಲಾರಿ ಖರ್ಚೂ ಗಿಟ್ಟುವುದಿಲ್ಲವೆಂದು ಕಚೇರಿ ಹೇಳಿದೆ. ದಾರ ಕಟ್ಟಬಹುದು, ದಾಟಿಸಲು ಊರಿಲ್ಲ.

ಕೆಲ್ವಿನ್ ಕಣಜದಲ್ಲಿ ಗೋಧಿ ತೂಗಿಸಿಕೊಳ್ಳುವ ಕೆಲಸದಲ್ಲಿದ್ದವರು. ಹೋದ ನವೆಂಬರಿನಲ್ಲಿ, ಕೊಯ್ಲಿನ ಲಾರಿಗಳು ಸಾಲುಗಟ್ಟಿ ನಿಂತಿದ್ದಾಗಲೇ, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಚೀಲದಲ್ಲಿ ಅವರ ನಾಲ್ಕು ಅಂಗಿ, ಒಂದು ನೀಲಿ ಉಣ್ಣೆಯ ಕೋಟು ಇವೆ. ಸದಾ ಕಟಿಂಗ್ ಪ್ಲೇಯರ್ ಇಟ್ಟುಕೊಂಡು ಕೋಟಿನ ಎಡಜೇಬು ಜೋತುಬಿದ್ದಿದೆ. ಆ ಜೇಬನ್ನು ಗ್ಲೆನಿಸ್ ಎಷ್ಟು ದೂರದಿಂದಲಾದರೂ ಗುರುತಿಸಬಲ್ಲರು. ಕಷ್ಟವಾಗಿರುವುದೂ ಅದೇ.

"ಲೋರ್ನಾಗೆ ಪೈನ್‌ವೆಲ್ ಬೇರೆ ಊರು. ನನಗೆ ಯಾವುದು ಬೇರೆ ಊರು? ವಾರಕ್ಕೆರಡು ಸಲ ಐದರಲ್ಲೂ ಇರ್ತೀನಿ. ಎಲ್ಲಿ ಕೊಟ್ರೂ ಅದು ನನ್ನೆದುರಿಗೆ ನಡ್ಕೊಂಡು ಬರುತ್ತೆ. ಮನೇಲಿಟ್ಕೊಂಡೆ, ಅದರ ಜೊತೆ ಮಾತಾಡೋಕೆ ಶುರುಮಾಡ್ದೆ. ಎಸೆದ್ರೆ ಕೆಲ್ ಎದ್ದುಬಂದು ಬೈತಾನೆ, ಗಟ್ಟಿ ಉಣ್ಣೆ ಕಣೆ, ತಲೆ ಕೆಟ್ಟಿದ್ಯಾ ಅಂತ."

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಐದೂರಿನ ವಿಧವೆಯರಿಗೆ ಒದಗಿದ ದಾರ, ಅದನ್ನು ಕಟ್ಟಿದವಳ ಕೈಗೇ ಒದಗಲಿಲ್ಲ. ಹೇಳುವಾಗ ಗ್ಲೆನಿಸ್ ನಗುತ್ತಾರೆ.

ವ್ಯಾನು ಹೊರಡುತ್ತದೆ. ಈ ರಸ್ತೆಯಲ್ಲಿ ಎದುರಾದವರಿಗೆ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುವುದು ರೂಢಿ. ಗ್ಲೆನಿಸ್ ಬೆರಳೆತ್ತುವ ಮುಂಚೆ ಮೈಮೇಲಿನ ಬಟ್ಟೆ ನೋಡುತ್ತಾರೆ. "ಆ ಹಸಿರು ಜರ್ಸಿ ಕೂಲ್ಗಾಟಿಂದ ಬಂದಿದ್ದು. ಅಲ್ಲಿ ಇಸ್ಪೀಟಲ್ಲಿ ಮೋಸ ಮಾಡೋ ಮುದುಕನದು. ಈಗ ಹಾಕ್ಕೊಂಡಿರೋನು ಪಾದ್ರಿ." ಕೂಲ್ಗಾಟ್ ಮತ್ತು ನಡುವಿನ ಎರಡು ಊರುಗಳಲ್ಲಿ ಕಪಾಟುಗಳು ಖಾಲಿಯಾಗಿವೆ. ಎಲ್ಲ ಕಡೆ ಅಪ್ಪುಗೆ, ಚಹಾ, ತೆಂಗಿನ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು. ಸೀಟಿನ ಹಿಂದಿನ ಚೀಲ ಎಲ್ಲೂ ಇಳಿಯುವುದಿಲ್ಲ.

ಕೊನೆಯದು ಪೈನ್‌ವೆಲ್. ಅಂಗಡಿ ನೋಡಿಕೊಳ್ಳುವ ರೋಮಾ ಶಿರ್ಮರ್ ಇವತ್ತು ಎಲ್ಲವನ್ನೂ ಪುಕ್ಕಟೆ ಕೊಡುತ್ತಿದ್ದಾರೆ. ಹತ್ತೊಂಬತ್ತು ವರ್ಷದ ಗೆಳತಿ. ವ್ಯಾನಿನೊಳಗೆ ಇಣುಕಿದವರೇ ಸೊಂಟಕ್ಕೆ ಕೈಯಿಟ್ಟುಕೊಳ್ಳುತ್ತಾರೆ.

"ಇನ್ನೂ ಆ ಚೀಲಾನ ಮೆರವಣಿಗೆ ಮಾಡಿಸ್ತಿದ್ದೀಯಾ? ಬದುಕಿದ್ದಾಗ ಕೆಲ್ ಇಷ್ಟು ಊರು ಸುತ್ತಿರ್ಲಿಲ್ಲ ಕಣೆ!"

ಗ್ಲೆನಿಸ್ ಬಾಗಿ, ಬೆಳಗಿನ ಅಂಗಿಗಳ ಚೀಲವನ್ನು ಮೊದಲು ಇಳಿಸುತ್ತಾರೆ. ಆಮೇಲೆ ಕೆಲ್ವಿನ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕೂರುತ್ತಾರೆ.

"ಇದನ್ನ ಇಲ್ಲಿ ಬಿಡ್ತೀನಿ ರೋಮಾ. ಇವತ್ತಿಂದ ಪೈನ್‌ವೆಲ್ ನನಗೆ ಬೇರೆ ಊರು."

ರೋಮಾ ಸೊಂಟದ ಮೇಲಿನ ಕೈ ಇಳಿಸುತ್ತಾರೆ. "ಅಂದ್ರೆ? ಇನ್ನು ಬರೋದೇ ಇಲ್ವಾ? ನನ್ನ ನೋಡೋಕೂ?"

"ಬಂದ್ರೆ ಎಲ್ಲರ ಬೆನ್ನು ನೋಡ್ತಾ ನಿಲ್ತೀನಿ ಕಣೆ, ಲೋರ್ನಾ ಹಾಗೆ. ನೀನೇ ಬಾ. ಚಹಾ ನಂದು."

"ನಿನ್ನ ಚಹಾ ಕುಡಿಯೋಕೆ ಅಷ್ಟು ದೂರ ಬರ್ಬೇಕಲ್ಲ, ನನ್ನ ಹಣೆಬರಹ," ಎನ್ನುತ್ತಾರೆ ರೋಮಾ. ಇಬ್ಬರೂ ನಗಲು ಹೋಗಿ ಅಳುತ್ತಾರೆ. ಮೂಗೊರೆಸಿಕೊಂಡು ರೋಮಾ ಕೈ ಚಾಚುತ್ತಾರೆ. "ಕೊಡು ಇಲ್ಲಿ."

ದಾರವನ್ನು ಗ್ಲೆನಿಸ್ ತಾವೇ ಬಿಚ್ಚುತ್ತಾರೆ. ಅವರು ಕೇಳಿಕೊಳ್ಳುವುದು ಇಷ್ಟೇ: "ಯಾರು ಒಯ್ದ್ರು ಅಂತ ನನಗೆ ಹೇಳ್ಬೇಡ. ಆ ಜೇಬು ನೆಟ್ಟಗೆ ಮಾಡೋಕೆ ಹೋಗ್ಬೇಡ. ಪ್ಲೇಯರ್ ಇಟ್ಕೊಳ್ಳೋ ಮನುಷ್ಯ ಯಾರಾದ್ರೂ ಬಂದಾನು."

ರೋಮಾ ಕೋಟು ಕೊಡವಿ ಮೊಳೆಗೆ ಹಾಕುವ ಹೊತ್ತಿಗೆ ಗ್ಲೆನಿಸ್ ವ್ಯಾನಿನಲ್ಲಿ ಕೂತು ಎದುರಿನ ಕಣಜದ ಗೋಡೆ ನೋಡುತ್ತಿದ್ದಾರೆ. ಜನ ಬರುತ್ತಾರೆ, ಹೋಗುತ್ತಾರೆ, ಅವರು ತಿರುಗುವುದಿಲ್ಲ. ಕೊನೆಗೆ ಅಂಗಡಿಗೆ ಬೀಗ ಹಾಕಿದ ಸದ್ದು ಕೇಳಿದ ಮೇಲೆ ಗಾಡಿ ಶುರುಮಾಡುತ್ತಾರೆ.

ಊರು ಮುಗಿಯುವ ತಿರುವಿನಲ್ಲಿ ಯಾರೋ ಒಬ್ಬ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಾನೆ. ವ್ಯಾನಿನ ಗುರುತು ಹಿಡಿದು ಕೈ ಎತ್ತುತ್ತಾನೆ. ಗ್ಲೆನಿಸ್ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಮೈಮೇಲೆ ಏನಿದೆಯೆಂದು ನೋಡದೆ, ರಸ್ತೆಯ ಬಿಳಿ ಗೆರೆಯಲ್ಲೇ ಕಣ್ಣಿಟ್ಟು, ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ.